ನಿಮ್ಮ ಕಾರಿನಲ್ಲಿ ರೇಸ್ ಎಷ್ಟು, ಜಾಹೀರಾತು ಎಷ್ಟು?

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದವಳು. ಕೆಲಸಕ್ಕೆ ದಿನಾ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ನೋಯತೊಡಗಿದೆ. ಹೊಸ ಕಾರು ತಗೋಬೇಕು ಅಂತಿದ್ದೇವೆ. ಶೋರೂಮಿನ ಹುಡುಗ ‘ಮೇಡಂ, ಇದು ರೇಸಿಂಗ್ ಟೆಕ್ನಾಲಜಿ’ ಅಂತ ಟರ್ಬೊ ಇಂಜಿನ್, ಪ್ಯಾಡಲ್ ಶಿಫ್ಟ್, ಹಿಂದೆ ರೆಕ್ಕೆಯಂಥ ಸ್ಪಾಯ್ಲರ್ ಇರುವ ಮಾಡೆಲ್ ತೋರಿಸುತ್ತಾನೆ. ರೇಟು ಜಾಸ್ತಿ. ಮಗನಿಗೆ ಫಾರ್ಮುಲಾ 1 ಹುಚ್ಚು. ಕಾರಲ್ಲಿರೋದೆಲ್ಲ ರೇಸಿನಿಂದಲೇ ಬಂದದ್ದು ಅಂತಾನೆ. ನಮ್ಮ ಮನೆಯವರು ‘ಎಲ್ಲ ಮಾರೋರ ಮಾತು’ ಅಂತಾರೆ. ಯಾರ ಮಾತು ಖರೇ? ವರ್ಷಕ್ಕೆ ಒಂದೆರಡು ಸಲ ಅರಬೈಲ್ ಘಟ್ಟ ಇಳಿದು ಅಂಕೋಲಾ ಕಡೆ ಹೋಗುತ್ತೇವೆ. ಯಾವುದಕ್ಕೆ ರೊಕ್ಕ ಹಾಕಬೇಕು, ಯಾವುದಕ್ಕೆ ಬೇಡ?

ಉತ್ತರ: ಮೊದಲು ಮಗನಿಗೆ ಒಂದು ಮಾತು ಕೇಳಿ. ಫಾರ್ಮುಲಾ 1 ಕಾರಿನಲ್ಲಿ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಇದೆಯಾ? ಇಲ್ಲ. ಏರ್‌ಬ್ಯಾಗ್? ಅದೂ ಇಲ್ಲ. ಬ್ರೇಕ್ ಹಿಡಿಯುವುದು ಚಾಲಕನ ಕೌಶಲವಾಗಿಯೇ ಇರಲಿ ಅಂತ ಎಬಿಎಸ್ಸನ್ನು ಅಲ್ಲಿ 1994ರಿಂದ ನಿಷೇಧಿಸಿದ್ದಾರೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಮಳೆಗಾಲದಲ್ಲಿ ಬೈಪಾಸ್ ಮೇಲೆ ಎದುರಿಗೆ ಎಮ್ಮೆ ಬಂದಾಗ ನಿಮ್ಮ ಕಾಲ ಕೆಳಗೆ ಗಡಗಡ ನಡುಗುವ ಆ ಪೆಡಲ್ ರೇಸಿನ ಕೊಡುಗೆ ಅಲ್ಲ. ಅದು ವಿಮಾನದಿಂದ ಬಂದದ್ದು. ಒದ್ದೆ ರನ್‌ವೇ ಮೇಲೆ ಇಳಿಯುವಾಗ ಚಕ್ರ ಜಾಮ್ ಆಗಿ ಜಾರಬಾರದು ಅಂತ 1950ರ ದಶಕದಲ್ಲಿ ವಿಮಾನಗಳಿಗೆ ಹಾಕಿದ್ದರು. 1978ರಲ್ಲಿ ಬಾಷ್ ಕಂಪನಿ ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಮರ್ಸಿಡಿಸ್ ಕಾರಿಗೆ ತಂದಿತು. ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ಕೂಡ ಹಾಗೆಯೇ. 1959ರಲ್ಲಿ ವೋಲ್ವೊದಲ್ಲಿ ಅದನ್ನು ರೂಪಿಸಿದ ನಿಲ್ಸ್ ಬೋಲಿನ್ ಅದಕ್ಕೂ ಮೊದಲು ವಿಮಾನದ ಸೀಟಿನ ಕೆಲಸ ಮಾಡುತ್ತಿದ್ದವರು.

ಅಂದರೆ ಮನೆಯವರು ಗೆದ್ದರಾ? ಅದೂ ಅಲ್ಲ. ರೇಸಿನವರು ಹೊಸದನ್ನು ಕಂಡುಹಿಡಿದದ್ದು ಕಡಿಮೆ. ಬೇರೆ ಯಾರೋ ಕಂಡುಹಿಡಿದು ಮೂಲೆಗಿಟ್ಟದ್ದನ್ನು ಎತ್ತಿಕೊಂಡು, ಸಾಯುವಷ್ಟು ದುಡಿಸಿ, ಇದು ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ತೋರಿಸಿದ್ದು ಜಾಸ್ತಿ. ಆಮೇಲೆ ಅದೇ ವಸ್ತುವನ್ನು ಅಗ್ಗ ಮಾಡಿ, ಎರಡು ಲಕ್ಷ ಕಿಲೋಮೀಟರ್ ಬಾಳುವಂತೆ ಮಾಡಿ ನಿಮ್ಮ ಮನೆ ಬಾಗಿಲಿಗೆ ತರುವವರು ಕಾರ್ಖಾನೆಯ ಇಂಜಿನಿಯರುಗಳು. ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಬಿಡಿ.

ಬ್ರೇಕನ್ನೇ ನೋಡಿ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಐವತ್ತು ವರ್ಷ ಕಾರಿನವರು ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ರೇಸಿಗೆ ಜಾಗ್ವಾರ್ ಕಂಪನಿ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಕಾರುಗಳನ್ನು ತಂದಿತು. ಅದು 24 ಗಂಟೆಯ ರೇಸು. ಒಂದು ಉದ್ದನೆಯ ನೇರ ರಸ್ತೆ, ಅದರ ಕೊನೆಗೆ ಬಿಗಿ ತಿರುವು. ಪ್ರತಿ ಸುತ್ತಿನಲ್ಲೂ ಭಾರೀ ವೇಗದಿಂದ ಒಮ್ಮೆಲೇ ಬ್ರೇಕ್ ಹಿಡಿಯಬೇಕು. ಡ್ರಮ್ ಬ್ರೇಕಿನ ಕಾರುಗಳು ಕಾದು ಸೋತು ದೂರದಿಂದಲೇ ವೇಗ ಇಳಿಸಿಕೊಳ್ಳುತ್ತಿದ್ದಾಗ ಜಾಗ್ವಾರ್ ಚಾಲಕರು ತಿರುವಿನ ಹತ್ತಿರ ಬಂದು ಬ್ರೇಕ್ ಹಿಡಿದರು, ಗೆದ್ದರು. ಆ ರೇಸಿನಲ್ಲಿ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. ಎರಡೇ ವರ್ಷಕ್ಕೆ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಎಂಬ ಸಂಸಾರದ ಕಾರಿಗೆ ಮುಂದಿನ ಡಿಸ್ಕ್ ಬಂತು. ನಮ್ಮ ಕಡೆ ಅಂಬಾಸಡರ್, ಪದ್ಮಿನಿ ಕಾಲದವರಿಗೆ ಡ್ರಮ್ಮೇ ಗತಿ. ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದನ್ನು ನಿಮ್ಮ ಮಾವನವರ ವಯಸ್ಸಿನವರನ್ನು ಕೇಳಿ, ಹೇಳುತ್ತಾರೆ.

ಯಾಕೆ ಹಾಗಾಗುತ್ತಿತ್ತು? ಡ್ರಮ್ ಕಾದರೆ ಹಿಗ್ಗುತ್ತದೆ. ಹಿಗ್ಗಿದಾಗ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಶೂನಿಂದ ದೂರ ಸರಿಯುತ್ತದೆ. ಮೇಲಾಗಿ ಶಾಖ ಒಳಗೇ ಸಿಕ್ಕಿಬೀಳುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಬೇಗ ಆರುತ್ತದೆ. ಶಾಖ ಎಷ್ಟಿರುತ್ತದೆ ಅಂತ ಲೆಕ್ಕ ಹಾಕಿ ನೋಡಬಹುದು. ಜನ, ಸಾಮಾನು ಸೇರಿ ಕಾರು 1300 ಕಿಲೋ ಇದ್ದರೆ, ಘಟ್ಟದಲ್ಲಿ ಪ್ರತಿ 100 ಮೀಟರ್ ಎತ್ತರ ಇಳಿದಾಗಲೂ ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಕ್ತಿ ಬಿಡುಗಡೆ ಆಗುತ್ತದೆ. ಅದರಲ್ಲಿ ಸ್ವಲ್ಪವನ್ನು ಗಾಳಿ ತಡೆಯುತ್ತದೆ, ಸ್ವಲ್ಪವನ್ನು ಇಂಜಿನ್. ಉಳಿದದ್ದೆಲ್ಲ ಬ್ರೇಕಿಗೆ. ನ್ಯೂಟ್ರಲ್‌ನಲ್ಲಿ ಬಿಟ್ಟು ‘ಪೆಟ್ರೋಲ್ ಉಳಿಸುವ’ ಬುದ್ಧಿವಂತರು ಇಂಜಿನ್ನಿನ ಪಾಲನ್ನೂ ಬ್ರೇಕಿನ ತಲೆಗೇ ಕಟ್ಟುತ್ತಾರೆ. ಖರೇ ಹೇಳಬೇಕೆಂದರೆ ಈಗಿನ ಕಾರುಗಳಲ್ಲಿ ಗೇರಿನಲ್ಲೇ ಇಳಿದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ಬಹುಮಟ್ಟಿಗೆ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಐಡ್ಲಿಂಗಿಗೆ ಪೆಟ್ರೋಲ್ ಬೇಕು. ಉಳಿತಾಯವೂ ಇಲ್ಲ, ಬ್ರೇಕೂ ಇಲ್ಲ.

ರೇಸಿನ ಇವತ್ತಿನ ಬ್ರೇಕ್ ಮಾತ್ರ ನಿಮಗೆ ಬೇಡವೇ ಬೇಡ. ಫಾರ್ಮುಲಾ 1 ಕಾರಿನ ಡಿಸ್ಕ್ ಕಾರ್ಬನ್‌ನಿಂದ ಮಾಡಿದ್ದು. ನೂರಾರು ಡಿಗ್ರಿ ಕಾದ ಮೇಲೇ ಅದಕ್ಕೆ ಸರಿಯಾದ ಹಿಡಿತ. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ಹಾಲಿನವನ ಸೈಕಲ್ ಅಡ್ಡ ಬಂದರೆ ಅದು ಹಿಡಿಯುವುದಿಲ್ಲ.

ಈಗ ನಿಮ್ಮ ಮೊಣಕಾಲಿಗೆ ಬರೋಣ. ಇಲ್ಲಿ ನಿಮ್ಮ ಮಗ ಗೆದ್ದ, ಅದೂ ಅವನಿಗೇ ಗೊತ್ತಿಲ್ಲದ ರೀತಿಯಲ್ಲಿ. 1989ರ ಮೊದಲ ಫಾರ್ಮುಲಾ 1 ರೇಸು ಬ್ರೆಜಿಲ್‌ನಲ್ಲಿ ನಡೆಯಿತು. ಫೆರಾರಿ ಹೊಸ ಕಾರು ತಂದಿತ್ತು. ಜಾನ್ ಬಾರ್ನಾರ್ಡ್ ಎಂಬ ಇಂಜಿನಿಯರ್ ಅದರಲ್ಲಿ ಗೇರ್ ಲಿವರನ್ನೇ ತೆಗೆದುಹಾಕಿದ್ದರು. ಸ್ಟಿಯರಿಂಗ್ ಹಿಂದೆ ಎರಡು ಪಟ್ಟಿ. ಒಂದನ್ನು ಒತ್ತಿದರೆ ಗೇರ್ ಏರುತ್ತದೆ, ಇನ್ನೊಂದನ್ನು ಒತ್ತಿದರೆ ಇಳಿಯುತ್ತದೆ. ಕ್ಲಚ್ ಬಿಡುವುದು, ಗೇರ್ ತಳ್ಳುವುದು ಎಲ್ಲ ಹೈಡ್ರಾಲಿಕ್ ಒತ್ತಡದ ಕೆಲಸ. ಹಿಂದಿನ ದಿನಗಳ ಪರೀಕ್ಷೆಯಲ್ಲಿ ಅದು ಕೈಕೊಟ್ಟದ್ದೇ ಹೆಚ್ಚು. ಚಾಲಕ ನೈಜೆಲ್ ಮ್ಯಾನ್ಸೆಲ್‌ಗೆ ಅದರ ಮೇಲೆ ಎಷ್ಟು ನಂಬಿಕೆ ಅಂದರೆ, ರೇಸು ಮುಗಿಯುವ ಮೊದಲೇ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದರಂತೆ. ಆ ಕಾರು ಅಂದೇ ಗೆದ್ದಿತು. ಐದಾರು ವರ್ಷದಲ್ಲಿ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು.

ಆ ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ಫೆರಾರಿ ಜೊತೆ ಇದ್ದದ್ದು ಇಟಲಿಯ ಮ್ಯಾಗ್ನೆಟಿ ಮರೆಲಿ ಕಂಪನಿ. 1997ರಲ್ಲಿ ಅಂಥ ಗೇರ್‌ಬಾಕ್ಸ್ ಫೆರಾರಿಯ ರಸ್ತೆ ಕಾರಿಗೆ ಬಂತು, ನಂತರ ಆಲ್ಫಾ ರೋಮಿಯೊದಂಥ ಕಾರುಗಳಿಗೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಅಂತ ಬಂದಾಗ, ಅದರ ಗೇರ್ ಹಾಕುವ ಕಿಟ್ ಬಂದದ್ದು ಅದೇ ಮ್ಯಾಗ್ನೆಟಿ ಮರೆಲಿಯಿಂದ! ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್, ಅದರ ಮೇಲೊಂದು ಹೈಡ್ರಾಲಿಕ್ ಪೆಟ್ಟಿಗೆ. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುವುದನ್ನು ಅದು ಮಾಡುತ್ತದೆ. ಫೆರಾರಿಗೆ ಬೇಕಿದ್ದದ್ದು ಸೆಕೆಂಡಿನ ಚೂರುಪಾರು ಉಳಿತಾಯ. ನಿಮಗೆ ಬೇಕಿರುವುದು ಉಣಕಲ್ ದಾಟುವಾಗ ಕಾಲಿಗೆ ಆರಾಮ. ವಸ್ತು ಒಂದೇ, ಉದ್ದೇಶ ಪೂರ್ತಿ ತಿರುಗಿಬಿದ್ದಿದೆ. ರೇಸಿನ ತಂತ್ರಜ್ಞಾನ ನಮ್ಮ ಮನೆಗೆ ಬರುವುದು ಸಾಮಾನ್ಯವಾಗಿ ಹೀಗೆಯೇ, ವೇಗದ ಆಸೆ ಬಿಟ್ಟು.

ಮ್ಯಾನುಯಲ್‌ಗಿಂತ ಎಎಂಟಿಗೆ ಅರ್ಧ ಲಕ್ಷದ ಆಸುಪಾಸು ಜಾಸ್ತಿ ಆಗುತ್ತದೆ. ನಿಮ್ಮ ಕಾಲಿನ ಸ್ಥಿತಿ ನೋಡಿದರೆ ಅದು ದಂಡ ಅಲ್ಲ. ಆದರೆ ಗೇರ್ ಬದಲಾಗುವಾಗ ತುಸು ಜಗ್ಗುತ್ತದೆ, ತಲೆ ಮುಂದೆ ಬಂದು ಹಿಂದೆ ಹೋಗುತ್ತದೆ. ಆಕ್ಸಿಲರೇಟರ್ ಒಂದು ಕ್ಷಣ ಸಡಿಲ ಬಿಟ್ಟರೆ ಕಡಿಮೆಯಾಗುತ್ತದೆ. ಧಾರವಾಡದ ಏರಿನಲ್ಲಿ ಸಿಗ್ನಲ್ ಬಿದ್ದಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬೇಡಿ. ಒಳಗೆ ಕ್ಲಚ್ ಸವೆಯುತ್ತಲೇ ಇರುತ್ತದೆ, ವಾಸನೆ ಬಂದಾಗ ಮಿಸ್ತ್ರಿಗೆ ಕೆಲಸ ಸಿಕ್ಕಿತು ಅಂತಲೇ ಲೆಕ್ಕ. ಬ್ರೇಕ್ ತುಳಿದು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಸಹಾಯದಿಂದ ಹೊರಡಿ.

ಎರಡು ಕ್ಲಚ್ಚಿನ ಗೇರ್‌ಬಾಕ್ಸೂ ಇದೆ, ಡಿಸಿಟಿ ಅಂತಾರೆ. ಅದನ್ನು 1980ರ ದಶಕದಲ್ಲಿ ಪೋರ್ಶೆ ತನ್ನ ರೇಸ್ ಕಾರುಗಳಲ್ಲಿ ಪಳಗಿಸಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಮೂಲಕ ಸಾಮಾನ್ಯ ರಸ್ತೆಗೆ ಬಂತು. ಒಂದು ಕ್ಲಚ್ ಈಗಿನ ಗೇರ್ ಹಿಡಿದಿರುವಾಗಲೇ ಇನ್ನೊಂದು ಮುಂದಿನ ಗೇರ್ ಹಿಡಿದು ಸಿದ್ಧವಾಗಿರುತ್ತದೆ. ಹೆದ್ದಾರಿಯಲ್ಲಿ ಬಹಳ ಚೆಂದ. ತೆವಳುವ ಟ್ರಾಫಿಕ್‌ನಲ್ಲಿ, ಅದರಲ್ಲೂ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನದಾದರೆ, ಬಿಸಿಯೇರುತ್ತದೆ. ನಿಮ್ಮ ಬಜೆಟ್‌ನಲ್ಲಿ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಇಂಜಿನ್ ಶಕ್ತಿಯನ್ನು ಗೇರಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಸಿಕ್ಕರೆ ಅದನ್ನೇ ಮೊದಲು ನೋಡಿ. ಅದಕ್ಕೂ ರೇಸಿಗೂ ಅಂಥ ನಂಟಿಲ್ಲ, ಶೋರೂಮಿನ ಹುಡುಗ ಅದರ ಬಗ್ಗೆ ಉತ್ಸಾಹದಿಂದ ಮಾತಾಡದಿರಬಹುದು. ಆದರೆ ನಿಂತು ಹೊರಡುವ ಓಡಾಟಕ್ಕೆ ಅದು ಬಹಳ ಮೃದು.

ಇನ್ನು ಪ್ಯಾಡಲ್ ಶಿಫ್ಟ್, ಅಂದರೆ ಸ್ಟಿಯರಿಂಗ್ ಹಿಂದಿನ ಆ ಎರಡು ಪಟ್ಟಿ. ಹುಬ್ಬಳ್ಳಿ-ಧಾರವಾಡ ನಡುವೆ ನೀವು ಅದನ್ನು ಮುಟ್ಟುವುದೂ ಇಲ್ಲ. ಮೊದಲ ವಾರ ಮಗ ಆಡುತ್ತಾನೆ, ಅಷ್ಟೇ. ಅದಕ್ಕೆ ನಿಜವಾದ ಉಪಯೋಗ ಇರುವುದು ಅರಬೈಲ್‌ನಲ್ಲಿ. ಯಲ್ಲಾಪುರ ದಾಟಿ ಇಳಿಜಾರು ಶುರುವಾದಾಗ ಎಡ ಪಟ್ಟಿ ಒತ್ತಿ ಮೂರನೇ ಗೇರಿಗೋ ಎರಡನೆಯದಕ್ಕೋ ಇಳಿಸಿ ಬಿಟ್ಟರೆ ಇಂಜಿನ್ನೇ ಕಾರನ್ನು ತಡೆಯುತ್ತದೆ. ಮುಂದೆ ಅದಿರಿನ ಲಾರಿಯೋ ಟ್ಯಾಂಕರೋ ತೆವಳುತ್ತಿದ್ದರೂ ನಿಮ್ಮ ಕಾಲು ಬ್ರೇಕ್ ಮೇಲೇ ಕೂರಬೇಕಿಲ್ಲ. ಆದರೆ ಇದೇ ಕೆಲಸ ಗೇರ್ ಲಿವರಿನ ‘ಎಂ’ ಸ್ಥಾನದಲ್ಲೂ ಆಗುತ್ತದೆ. ಬಹುಪಾಲು ಎಎಂಟಿಗಳಲ್ಲಿ ಅದು ಇದ್ದೇ ಇರುತ್ತದೆ. ಪ್ಯಾಡಲ್‌ಗೋಸ್ಕರ ಮೇಲಿನ ಮಾಡೆಲ್ ತಗೋಬೇಡಿ.

ಇಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಟರ್ಬೊ ವಿಷಯಕ್ಕೆ ಜನ ಬಹಳ ಮೋಸ ಹೋಗುತ್ತಾರೆ. ಫಾರ್ಮುಲಾ 1ಕ್ಕೆ ಟರ್ಬೊ ತಂದದ್ದು ರೆನೊ, 1977ರಲ್ಲಿ. ಆಗಾಗ ಹೊಗೆ ಕಾರಿ ನಿಲ್ಲುತ್ತಿದ್ದ ಆ ಹಳದಿ ಕಾರನ್ನು ನೋಡಿ ಇಂಗ್ಲಿಷರು ಹಳದಿ ಟೀಪಾಟ್ ಅಂತ ಗೇಲಿ ಮಾಡಿದರು. ಎರಡೇ ವರ್ಷಕ್ಕೆ ಅದು ಗೆದ್ದಿತು. ಆದರೆ ಟರ್ಬೊ ಅದಕ್ಕೂ ಎಷ್ಟೋ ಮೊದಲಿನದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಹಡಗು, ವಿಮಾನ, ಲಾರಿಗಳಲ್ಲಿ ಅದು ದುಡಿಯಿತು. ಅಮೆರಿಕದಲ್ಲಿ 1962ಕ್ಕೇ ಟರ್ಬೊ ಕಾರು ಮಾರಾಟಕ್ಕಿತ್ತು. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಹೋಗುವ ಲಾರಿಗಳಿಗೂ ಟರ್ಬೊ ಇದೆ. ಆ ಡ್ರೈವರ್ ಅದನ್ನು ರೇಸಿಂಗ್ ಟೆಕ್ನಾಲಜಿ ಅನ್ನುವುದಿಲ್ಲ!

ಇಲ್ಲೊಂದು ತಮಾಷೆ ಇದೆ, ಮಗನಿಗೆ ಹೇಳಿ. ಟರ್ಬೊ ಕಾರಿನಲ್ಲಿ ಫಾರ್ಮುಲಾ 1 ವಿಶ್ವ ಚಾಂಪಿಯನ್ ಆದವರಲ್ಲಿ ಮೊದಲಿಗರು ನೆಲ್ಸನ್ ಪಿಕೆ, 1983ರಲ್ಲಿ. ಅವರ ಬಿಎಂಡಬ್ಲ್ಯು ಇಂಜಿನ್ ಕೇವಲ ಒಂದೂವರೆ ಲೀಟರಿನದು. ಅದರ ಬ್ಲಾಕ್, ಅಂದರೆ ಇಂಜಿನ್ನಿನ ಕಬ್ಬಿಣದ ಮೈ, 1960ರ ದಶಕದ ಸಾಮಾನ್ಯ ಬಿಎಂಡಬ್ಲ್ಯು ಕಾರಿನ ಬ್ಲಾಕಿನಿಂದ ಬಂದದ್ದು. ಅಂದರೆ ಇಲ್ಲಿ ಸಂಸಾರದ ಕಾರಿನ ಕಬ್ಬಿಣವೇ ರೇಸಿಗೆ ಹೋಗಿತ್ತು.

ನಮ್ಮಲ್ಲಿ ಸಣ್ಣ ಟರ್ಬೊ ಇಂಜಿನ್ ಇಷ್ಟು ಹರಡಲು ದೊಡ್ಡ ಕಾರಣ ತೆರಿಗೆ. ನಾಲ್ಕು ಮೀಟರಿಗಿಂತ ಚಿಕ್ಕ ಕಾರು, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗಿದ್ದರೆ ತೆರಿಗೆ ಕಡಿಮೆ. ಸಿಸಿ ಹೆಚ್ಚಿಸುವ ಹಾಗಿಲ್ಲ, ಶಕ್ತಿ ಬೇಕು. ಹಾಗಾದರೆ ಗಾಳಿ ತುರುಕು! ಅದೇ ಟರ್ಬೊ. ನಿಮಗೆ ಬೇಕಾ? ನಾಲ್ಕು ಜನ, ಸಾಮಾನು, ಎಸಿ ಹಾಕಿಕೊಂಡು ಘಟ್ಟ ಹತ್ತುವಾಗ, ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ದಿನದ ಓಡಾಟಕ್ಕೆ ಬೇಕಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಅರೆನಿದ್ದೆಯಲ್ಲಿರುತ್ತದೆ, ಪಿಕಪ್ ತಡವಾಗಿ ಬರುತ್ತದೆ. ಎವರೇಜ್ ಕೂಡ ನಿಮ್ಮ ಬಲಗಾಲಿನ ಮೇಲೆ ನಿಂತಿರುತ್ತದೆ. ತಗೊಂಡರೆ ಕಂಪನಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿಸಿ. ಘಟ್ಟ ಹತ್ತಿ ಮೇಲೆ ಬಂದ ಕೂಡಲೇ ಚಹಾಕ್ಕೆ ಅಂತ ಇಂಜಿನ್ ಆರಿಸಬೇಡಿ, ಒಂದು ನಿಮಿಷ ಸುಮ್ನೆ ಓಡಲು ಬಿಡಿ. ಕಾದ ಟರ್ಬೊದ ಬೇರಿಂಗಿಗೆ ಆಯಿಲ್ ಹರಿದು ತಣಿಯಬೇಕು.

ಸ್ಪಾಯ್ಲರ್ ಬಗ್ಗೆ ಎರಡೇ ಮಾತು. ಅದು ಕೆಲಸ ಮಾಡುವುದು ಗಾಳಿಯ ಬಲದಿಂದ, ಆ ಬಲ ವೇಗದ ವರ್ಗದಂತೆ ಏರುತ್ತದೆ. 200 ಕಿಲೋಮೀಟರ್ ವೇಗದಲ್ಲಿ ಇರುವ ಬಲದ ಇಪ್ಪತ್ತೈದನೇ ಒಂದು ಪಾಲು ಮಾತ್ರ 40ರಲ್ಲಿ ಇರುತ್ತದೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಪಕ್ಕದ ಲೇನಿನಲ್ಲಿ ಸ್ಪಾಯ್ಲರ್ ಬರೀ ಅಲಂಕಾರ.

ಪೆಟ್ರೋಲ್ ಜೊತೆ ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಮಗ ಎತ್ತಿಯೇ ಎತ್ತುತ್ತಾನೆ. ಟೊಯೊಟಾ ಪ್ರಿಯಸ್ ಬಂದದ್ದು 1997ರಲ್ಲಿ. ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ತುಂಬುವ ವ್ಯವಸ್ಥೆ ಫಾರ್ಮುಲಾ 1ಕ್ಕೆ ಬಂದದ್ದು 2009ರಲ್ಲಿ. ಮನೆಯ ಕಾರು ಹನ್ನೆರಡು ವರ್ಷ ಮುಂದಿತ್ತು. ಹಾಗಂತ ರೇಸಿನವರು ಸುಮ್ಮನೆ ಕೂತಿಲ್ಲ. 2014ರಲ್ಲಿ ಒಂದು ರೇಸಿಗೆ 100 ಕಿಲೋ ಇಂಧನ ಮಾತ್ರ ಅಂತ ನಿಯಮ ಬಂತು. ರೇಸಿನ ದೂರ ಸುಮಾರು 305 ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ ಶಿರಾವರೆಗೆ. ಇಂಥ ಕಟ್ಟುಪಾಡಿನಲ್ಲಿ ಮರ್ಸಿಡಿಸ್ ತಂಡ 2017ರಲ್ಲಿ, ಇಂಧನದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೆಲಸಕ್ಕೆ ತಂದೆವು ಅಂತ ಹೇಳಿತು. ನಮ್ಮ ಕಾರುಗಳ ಪೆಟ್ರೋಲ್ ಇಂಜಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಶಾಖವಾಗಿ ಹೋಗುತ್ತದೆ. ಆದರೆ ಆ ರೇಸ್ ಇಂಜಿನ್ನನ್ನು ಸ್ಟಾರ್ಟ್ ಮಾಡುವ ಮೊದಲು ನೀರು, ಆಯಿಲ್ ಎರಡನ್ನೂ ಹೊರಗಿನಿಂದ ಬಿಸಿ ಮಾಡಬೇಕು. ಒಬ್ಬ ಚಾಲಕನಿಗೆ ಒಂದು ಸೀಸನ್ನಿಗೇ ಮೂರ್ನಾಲ್ಕು ಇಂಜಿನ್ ಬೇಕು.

ನನ್ನನ್ನು ಕೇಳಿದರೆ, ರೇಸಿನಿಂದ ನಮಗೆ ಸಿಕ್ಕ ದೊಡ್ಡ ಲಾಭ ಯಾವ ಬಿಡಿಭಾಗದಲ್ಲೂ ಇಲ್ಲ. 1994ರ ಏಪ್ರಿಲ್ 30 ಮತ್ತು ಮೇ 1, ಇಟಲಿಯ ಇಮೋಲಾದಲ್ಲಿ ಎರಡು ದಿನದಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್ ಮತ್ತು ಐರ್ಟನ್ ಸೆನ್ನಾ ಎಂಬ ಇಬ್ಬರು ಫಾರ್ಮುಲಾ 1 ಚಾಲಕರು ಅಪಘಾತದಲ್ಲಿ ಸತ್ತರು. ಕಾರ್ ರೇಸುಗಳ ಜಾಗತಿಕ ಸಂಸ್ಥೆ ಎಫ್‌ಐಎಗೆ ಆಗ ಅಧ್ಯಕ್ಷರಾಗಿದ್ದವರು ಮ್ಯಾಕ್ಸ್ ಮೋಸ್ಲಿ. ರೇಸ್ ಕಾರುಗಳ ಸುರಕ್ಷತೆಯ ಕೆಲಸ ಬಿರುಸಾಯಿತು. ಜೊತೆಗೆ ರಸ್ತೆಯ ಕಾರುಗಳನ್ನು ಗೋಡೆಗೆ ಗುದ್ದಿಸಿ ಫಲಿತಾಂಶವನ್ನು ಜನರ ಮುಂದಿಡುವ ಯೂರೋ ಎನ್‌ಕ್ಯಾಪ್‌ಗೂ ಎಫ್‌ಐಎ ಬೆಂಬಲ ಕೊಟ್ಟಿತು. ಅದರ ಮೊದಲ ಅಧ್ಯಕ್ಷರೂ ಮೋಸ್ಲಿಯೇ. 1997ರಲ್ಲಿ ಮೊದಲ ಫಲಿತಾಂಶ ಬಂದಾಗ ರೋವರ್ 100 ಎಂಬ ಕಾರಿಗೆ ಒಂದೇ ಸ್ಟಾರ್ ಸಿಕ್ಕಿತು. ಅದೇ ವರ್ಷದ ಕೊನೆಗೆ ಅದರ ತಯಾರಿಕೆ ನಿಂತಿತು.

ಮುಂದೆ ಗ್ಲೋಬಲ್ ಎನ್‌ಕ್ಯಾಪ್ ಶುರುವಾಯಿತು, ಅಲ್ಲೂ ಮೋಸ್ಲಿ ಅಧ್ಯಕ್ಷರಾಗಿದ್ದರು. 2014ರ ಜನವರಿಯಲ್ಲಿ ಅವರು ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದರು. ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳು. ಐದಕ್ಕೂ ಸೊನ್ನೆ! ಆಗ ನಮ್ಮಲ್ಲಿ ಕಾರು ಕೊಳ್ಳುವವರು ಎವರೇಜ್ ಬಿಟ್ಟರೆ ಸಿಡಿ ಪ್ಲೇಯರ್ ಬಗ್ಗೆ ಕೇಳುತ್ತಿದ್ದರು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್‌ಗೆ ಐದು ಸ್ಟಾರ್ ಬಂತು, ಭಾರತದ ಕಾರೊಂದಕ್ಕೆ ಅದೇ ಮೊದಲು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಈಗ ಹಾವೇರಿಯ ರೈತನೂ ಶೋರೂಮಿಗೆ ಬಂದು ‘ಎಷ್ಟು ಸ್ಟಾರ್ ಐತ್ರೀ?’ ಅಂತಾನೆ. ಈ ಪ್ರಶ್ನೆಯ ಬೇರು ಹುಡುಕುತ್ತಾ ಹೋದರೆ ಇಮೋಲಾಕ್ಕೂ ಮುಟ್ಟುತ್ತೀರಿ.

ಹಾಗಾಗಿ ರೊಕ್ಕದ ಲೆಕ್ಕ ನನ್ನ ಪ್ರಕಾರ ಹೀಗೆ. ಮೊದಲು ಸ್ಟಾರ್ ನೋಡಿ. ಆಮೇಲೆ ಕ್ಲಚ್ ಪೆಡಲ್ ಇಲ್ಲದ ಗೇರ್‌ಬಾಕ್ಸ್. ಇನ್ನೂ ಉಳಿದರೆ ಟರ್ಬೊ. ಸ್ಪಾಯ್ಲರ್, ಕೆಂಪು ಹೊಲಿಗೆಯ ಸೀಟು, ‘ಸ್ಪೋರ್ಟ್’ ಅಂತ ಬರೆದ ಸ್ಟಿಕ್ಕರ್ ಇವಕ್ಕೆ ಒಂದು ಪೈಸೆಯೂ ಬೇಡ. ಹಿಂದಿನ ಚಕ್ರಕ್ಕೆ ಡ್ರಮ್ ಇದೆ ಅಂತ ಚಿಂತೆ ಮಾಡಬೇಡಿ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಡಿಸ್ಕಿನದೇ. ಅದರ ಬದಲು ಬ್ರೇಕ್ ಆಯಿಲ್ ಕಡೆ ಗಮನ ಇರಲಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಅದು ಕುದ್ದು ಗುಳ್ಳೆ ಎದ್ದರೆ ಪೆಡಲ್ ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ರೇಸಿನವರು ಅದನ್ನು ಪದೇಪದೇ ಬದಲಿಸುತ್ತಾರೆ. ನಮ್ಮವರು ಕಾರು ಮಾರುವವರೆಗೂ ಬದಲಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಸರ್ವಿಸ್‌ನವರಿಗೆ ನೀವೇ ನೆನಪಿಸಿ.

ಟೆಸ್ಟ್ ಡ್ರೈವ್‌ಗೆ ಗೋಕುಲ ರಸ್ತೆಯ ಸಪಾಟು ಜಾಗದಲ್ಲಿ ಒಂದು ಸುತ್ತು ಹೊಡೆಸಿ ಕಳಿಸಿದರೆ ಒಪ್ಪಬೇಡಿ. ಮನೆಯವರು, ಮಗ ಎಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿ, ಧಾರವಾಡದ ಒಂದು ಒಳ್ಳೆ ಏರಿಗೆ ತಗೊಂಡು ಹೋಗಿ. ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿ. ಎಷ್ಟು ಹಿಂದೆ ಸರಿಯುತ್ತದೆ, ಎಷ್ಟು ಜಗ್ಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ಶೋರೂಮಿನ ಹುಡುಗ ಒಪ್ಪದಿದ್ದರೆ ಹುಬ್ಬಳ್ಳಿಯಲ್ಲಿ ಬೇರೆ ಶೋರೂಮುಗಳಿಗೇನು ಬರವಿಲ್ಲ.